ಕೈಗವಸಿನೊಳಗಿನ ಹತ್ತಿ

ಮಾರ್ಚ್ ೧೨, ಮಂಗಳವಾರ
ಹೊಲಿಗೆ ಮಿಷನ್ನಿನ ಮೇಜಿನಿಂದ

ಬಡಗಿಯವರೇ,

‘ಪ್ರೀತಿಯ’ ಎಂದು ಮೊದಲು ಬರೆದಿದ್ದೆ, ಆಮೇಲೆ ಹೊಡೆದುಹಾಕಿದೆ. ಗೀಟಿನ ಅಡಿಯಲ್ಲಿ ಇನ್ನೂ ಕಾಣುತ್ತಿದೆ. ಹಾಳೆ ಬದಲಿಸುವಷ್ಟು ತಾಳ್ಮೆ ನನಗಿಲ್ಲ, ಹಾಗೇ ಓದಿಕೊಳ್ಳಿ.

ನಿಮ್ಮ ಪತ್ರ ಶನಿವಾರ ಬಂತು. ಅಕ್ಕನ ಮನೆಯಲ್ಲಿ ಇನ್ನೆಷ್ಟು ದಿನ ಬಿದ್ದಿರಲಿ, ಈ ಭಾನುವಾರ ಬಂದುಬಿಡಲೇ ಎಂದು ಕೇಳಿದ್ದೀರಿ. ಕನಸಿನಲ್ಲಿ ಮಾಡಿದ್ದಕ್ಕೆ ಯಾರಾದರೂ ಹೊಣೆಯೇ ಎಂದೂ ಕೇಳಿದ್ದೀರಿ. ಎರಡಕ್ಕೂ ಉತ್ತರ ಕೊಡುತ್ತೇನೆ. ಆದರೆ ಇದು ಕೋಪ ಎಂದುಕೊಳ್ಳಬೇಡಿ. ಕೋಪವಾಗಿದ್ದರೆ ನಾಲ್ಕು ಪಾತ್ರೆ ಕುಕ್ಕಿ ಮುಗಿಸುತ್ತಿದ್ದೆ. ನನಗೆ ಅಸಹ್ಯವಾಗಿದೆ. ನಿಮ್ಮ ದಿಂಬಿನ ಕವರನ್ನು ಮೂರು ಸಲ ಒಗೆದೆ, ಆದರೂ ಅದನ್ನು ಮುಟ್ಟಲು ಮನಸ್ಸು ಬರುತ್ತಿಲ್ಲ.

ಕಾರ್ಖಾನೆಯ ಗರಗಸಕ್ಕೆ ಎಡಗೈಯ ಉಂಗುರ ಬೆರಳು ಹೋದ ಮೇಲೆ ನೀವು ದಿನವಿಡೀ ಗೋಡೆ ನೋಡುತ್ತಾ ಕೂತಿರುತ್ತಿದ್ದಿರಿ. ನಿಮ್ಮ ಗೆಳೆಯ, ಆ ಪಾಲಿಶ್ ಮಾಡುವವನು, ಬಂದು ಹೊಸ ವಿದ್ಯೆಯೊಂದನ್ನು ಹೇಳಿಕೊಟ್ಟ. ಕನಸು ನಡೆಯುತ್ತಿರುವಾಗಲೇ ಅದು ಕನಸೆಂದು ತಿಳಿದುಕೊಂಡು, ಬೇಕಾದ ಹಾಗೆ ತಿರುಗಿಸಿಕೊಳ್ಳುವುದು. “ಅಲ್ಲಿ ಬೆರಳು ವಾಪಸ್ ಬರುತ್ತೆ ಕಣೋ” ಎಂದಿದ್ದ. ಅವನಿಗೆ ಎರಡು ಲೋಟ ಟೀ ಮಾಡಿಕೊಟ್ಟವಳು ನಾನೇ.

ಆಮೇಲೆ ನಿಮ್ಮ ಸಾಧನೆ ಶುರುವಾಯಿತು. ಬೆಳಿಗ್ಗೆ ಐದಕ್ಕೆ ಅಲಾರಂ ಇಟ್ಟು ಏಳುವುದು, ಅರ್ಧ ಗಂಟೆ ಕೂತು, “ಈಗ ಕನಸು ಬೀಳುತ್ತೆ, ಅದು ಕನಸು ಅಂತ ನಂಗೆ ಗೊತ್ತಾಗುತ್ತೆ” ಎಂದು ಗುನುಗುತ್ತಾ ಮತ್ತೆ ಮಲಗುವುದು. ಎದ್ದ ಕೂಡಲೇ, ಮುಖ ಕೂಡ ತೊಳೆಯದೆ, ಕಂಡದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆಯುವುದು. ಹಗಲು ಹೊತ್ತು ಗಂಟೆಗೊಮ್ಮೆ ಮೂಗು ಬಿಗಿಹಿಡಿದು ಉಸಿರೆಳೆದು ನೋಡುವುದು. ಉಸಿರು ಬಂದರೆ ಕನಸಂತೆ. ಮೊದಲು ನನಗೆ ಇದು ಗೊತ್ತಿರಲಿಲ್ಲ. ಮನೆಯಲ್ಲಿ ಏನೋ ನಾರುತ್ತಿದೆ ಎಂದುಕೊಂಡು ಸಿಂಕಿನ ಕೆಳಗೆಲ್ಲ ಉಜ್ಜಿ ಉಜ್ಜಿ ತೊಳೆದೆ. ನಾರುತ್ತಿದ್ದದ್ದು ನಿಜವೇ, ನಾನು ತೊಳೆದ ಜಾಗ ಮಾತ್ರ ತಪ್ಪು.

ಮೂಗಿಗಿಂತ ಬೆರಳೆಣಿಕೆ ನಿಮಗೆ ಒಗ್ಗಿತು. ಎಡಗೈಯಲ್ಲಿ ನಾಲ್ಕಿದ್ದರೆ ಎಚ್ಚರ, ಐದಿದ್ದರೆ ಕನಸು. ಮೂರನೆಯ ವಾರದಲ್ಲಿ ಮೊದಲ ಸಲ ಐದು ಸಿಕ್ಕಿತು. “ಕನಸಲ್ಲಿ ಉಳಿ ಹಿಡಿದೆ ಕಣೇ ಸೂಜಿ, ಪೂರ್ತಿ ಕೈಯಲ್ಲಿ ಹಿಡಿದೆ” ಎಂದು ನೀವು ಹೇಳಿದಾಗ ನಾನು ಅತ್ತುಬಿಟ್ಟೆ. ಆಮೇಲಾಮೇಲೆ ಹೇಳುವುದು ನಿಂತಿತು. ಇವತ್ತೇನು ಕಂಡಿರಿ ಎಂದರೆ, “ಏನಿಲ್ಲ, ಒಂದು ಮೇಜು ಮಾಡ್ದೆ” ಎನ್ನುತ್ತಿದ್ದಿರಿ. ಮುಖ ನೋಡಿದರೆ ಕದ್ದು ಹಾಲು ಕುಡಿದ ಬೆಕ್ಕು. ಪಾಪ, ಏನೋ ಸುಖ ಸಿಗುತ್ತಿದೆ, ಸಿಗಲಿ ಎಂದು ಸುಮ್ಮನಿದ್ದೆ.

ಜನ ಕೈ ನೋಡುತ್ತಾರೆಂದು ನೀವು ಹೊಸ್ತಿಲು ದಾಟುತ್ತಿರಲಿಲ್ಲ. ಅದಕ್ಕೇ ಆ ಬೂದು ಬಣ್ಣದ ಕೈಗವಸು ತಂದೆ. ಖಾಲಿ ಬೆರಳು ಜೋಲಾಡಬಾರದೆಂದು ಅದರೊಳಗೆ ತುದಿಯವರೆಗೂ ಹತ್ತಿ ತುಂಬಿ, ಬುಡದಲ್ಲಿ ಸಣ್ಣ ಹೊಲಿಗೆ ಹಾಕಿದೆ. ಆಸ್ಪತ್ರೆಯ ಸಮವಸ್ತ್ರಗಳನ್ನು ಕೂಡ ನಾನು ಅಷ್ಟು ಜೋಪಾನವಾಗಿ ಹೊಲಿದಿಲ್ಲ. ಅದನ್ನು ಹಾಕಿಕೊಂಡು ನೀವು ಕಾರ್ಖಾನೆಯ ಯಜಮಾನರನ್ನು ಕಂಡುಬಂದಿರಿ. ಬಂದವರೇ ಕೈಗವಸನ್ನೂ ತೆಗೆಯದೆ ಕುರ್ಚಿಯಲ್ಲಿ ನಿದ್ದೆಹೋದಿರಿ.

ಆ ಮಧ್ಯಾಹ್ನ ಏನಾಯಿತೆಂದು ನಿಮ್ಮ ಅಕ್ಕನಿಗೆ ಹೇಳಿದ್ದೀರೋ ಇಲ್ಲವೋ. ನಾನು ಕಾಲರ್ ಹೊಲಿಯುತ್ತಿದ್ದೆ. ನೀವು ಕಣ್ಣು ಬಿಟ್ಟು, ಬಲಗೈಯಿಂದ ಎಡಗೈಯ ಬೆರಳುಗಳನ್ನು ಒಂದೊಂದಾಗಿ ಹಿಸುಕಿ ಎಣಿಸಿದಿರಿ. “ಐದು” ಎಂದು ನಕ್ಕಿರಿ. ನೇರವಾಗಿ ನನ್ನ ಹತ್ತಿರ ಬಂದಿರಿ.

“ಎದ್ದೇಳು. ಮಂಡಿಯೂರು. ನಿಮ್ಮ ಬೆರಳು ತಿಂದೋಳು ನಾನೇ ಅನ್ನು.”

ತಮಾಷೆ ಎಂದುಕೊಂಡು, ಏನ್ರೀ ಇದು ಎಂದೆ.

“ದಿನಾ ನೀನೇ ಬಾಯಿಬಿಟ್ಟು ಹೇಳ್ತಿದ್ದೆ, ಇವತ್ತೇನು ಧಿಮಾಕು?” ಎನ್ನುತ್ತಾ ಕುತ್ತಿಗೆ ಹಿಡಿದು ನನ್ನನ್ನು ಕೆಳಕ್ಕೆ ಒತ್ತಿದಿರಿ. ಆ ದನಿ ನನಗೆ ಪರಿಚಯವೇ ಇರಲಿಲ್ಲ. ಇನ್ನೊಂದು ಕೈ ನನ್ನ ಕೆನ್ನೆಗೆ ಬಂತು. ಹತ್ತಿಯ ಬೆರಳು ಕೆನ್ನೆಗೆ ತಾಗಿ, ಮಡಚಿ, ಹಾಗೇ ಮಡಚಿಕೊಂಡೇ ಉಳಿಯಿತು. ನೀವು ಅದನ್ನು ನೋಡಿದಿರಿ. ಆಗ ಗೊತ್ತಾಯಿತು ನಿಮಗೆ, ಇದು ಕನಸಲ್ಲ, ಇವಳು ಕನಸಿನವಳಲ್ಲ ಎಂದು.

ಅಪಘಾತದ ದಿನ ಗರಗಸದ ಮುಂದೆ ನೀವಿದ್ದಾಗ ನನ್ನ ಫೋನ್ ಬಂತು, ನೀವು ಜೇಬಿನ ಕಡೆ ನೋಡಿದಿರಿ, ಬೆರಳು ಹೋಯಿತು. ಗ್ಯಾಸ್ ಮುಗಿದಿದೆ ಎನ್ನಲು ಫೋನ್ ಮಾಡಿದ್ದೆ ಎಂದು ಆಸ್ಪತ್ರೆಯಲ್ಲೇ ಹೇಳಿದ್ದೆ. ನಾಲ್ಕು ತಿಂಗಳೂ ನೀವು, “ನಿನ್ನ ತಪ್ಪೇನಿಲ್ಲ ಸೂಜಿ, ಬಿಡು” ಎಂದಿರಿ. ನಾನು ನಂಬಿದೆ. ನೀವು ಅಕ್ಕನ ಮನೆಗೆ ಹೋದ ಮೇಲೆ ನೋಟ್‌ಬುಕ್ ಓದಿದೆ. ನಲವತ್ತೊಂದು ಕನಸು. ಮೊದಲ ಒಂಬತ್ತರಲ್ಲಿ ಬರೀ ಮರ, ಉಳಿ, ಮೇಜು. ಹತ್ತನೆಯದರಿಂದ ಬರೀ ನಾನು. ಒಂದೊಂದರಲ್ಲೂ ಮಂಡಿಯೂರಿ ತಪ್ಪೊಪ್ಪಿಕೊಳ್ಳುತ್ತೇನೆ. ಇಪ್ಪತ್ತೇಳನೆಯದರಲ್ಲಿ ನನ್ನ ಕೈಯನ್ನೇ ಗರಗಸಕ್ಕೆ ಕೊಡಿಸಿದ್ದೀರಿ. ಕೆಳಗೆ ‘ಸ್ಪಷ್ಟವಾಗಿತ್ತು, ಬಹಳ ಹೊತ್ತು ಉಳಿಯಿತು’ ಎಂದು ಬರೆದುಕೊಂಡಿದ್ದೀರಿ. ಥೂ. ಬಚ್ಚಲಿಗೆ ಓಡಿಹೋಗಿ ವಾಂತಿ ಮಾಡಿದೆ. ಅದನ್ನು ಬರೆದು ಮುಖ ತೊಳೆದು ಬಂದು, ನಾನು ಬಡಿಸಿದ್ದನ್ನು ಚಪ್ಪರಿಸಿ ತಿಂದಿರಲ್ಲ!

ನೀವು ಕೇಳಿದ ಪ್ರಶ್ನೆಗೆ ಉತ್ತರ ಇದು. ತಾನಾಗಿ ಬೀಳುವ ಕನಸಿಗೆ ಯಾರೂ ಹೊಣೆಯಲ್ಲ. ನಿಮ್ಮ ಅಕ್ಕನನ್ನು ನಾನು ಕನಸಿನಲ್ಲಿ ಎಷ್ಟು ಸಲ ಬಾವಿಗೆ ತಳ್ಳಿಲ್ಲ! ಆದರೆ ನೀವು ಅಲಾರಂ ಇಟ್ಟುಕೊಂಡು, ಎದ್ದು ಕೂತು, ತಯಾರಿ ಮಾಡಿಕೊಂಡು ಹೋದವರು.

ಇನ್ನೊಂದು ಹೇಳಬೇಕು, ಹೇಳಲು ನಾಚಿಕೆಯಾಗುತ್ತದೆ. ನಿಮ್ಮ ನೋಟ್‌ಬುಕ್ ನೋಡಿ ನಾನೂ ಕಲಿತೆ. ಐದಕ್ಕೆ ಎದ್ದೆ, ಗುನುಗಿದೆ, ಬರೆದೆ. ನನ್ನ ಗುರುತು ಗೋಡೆಯ ಕ್ಯಾಲೆಂಡರ್. ಒಮ್ಮೆ ಓದಿ, ಮುಖ ತಿರುಗಿಸಿ, ಮತ್ತೆ ಓದಿದಾಗ ಅಂಕಿ ಬದಲಾಗಿದ್ದರೆ ಅದು ಕನಸು. ಹೋದ ತಿಂಗಳು ಒಂದು ಮುಂಜಾನೆ ಅಂಕಿ ಬದಲಾಯಿತು. ನಿಮ್ಮನ್ನು ಕರೆದೆ, ಬಂದಿರಿ. ನಾನು ಬಾಯಿ ತೆರೆಯುವ ಮೊದಲೇ ಮಂಡಿಯೂರಿದಿರಿ. ತಪ್ಪಾಯ್ತು ಎಂದಿರಿ, ಅದೂ ನಾನು ಮನಸ್ಸಿನಲ್ಲಿ ಹೊಂದಿಸಿಟ್ಟಿದ್ದ ಮಾತುಗಳಲ್ಲೇ. ನಾನೇ ಅಗಿದು ಉಗುಳಿದ್ದನ್ನು ಮತ್ತೆ ಬಾಯಿಗಿಟ್ಟುಕೊಂಡ ಹಾಗಿತ್ತು. ಆದರೂ ಮರುದಿನ ಮತ್ತೆ ಕರೆದೆ. ಅವತ್ತಿನಿಂದ ನನ್ನ ಮೇಲೂ ಹೇಸಿಗೆ ಹುಟ್ಟಿದೆ. ಅಲಾರಂ ತೆಗೆದು ಕಪಾಟಿಗೆ ಹಾಕಿದ್ದೇನೆ.

ಭಾನುವಾರ ಬನ್ನಿ. ಬೆಳಗಿನ ಬಸ್ಸಿಗೇ ಬನ್ನಿ. ನೋಟ್‌ಬುಕ್ ಸುಟ್ಟಿಲ್ಲ, ಮೇಜಿನ ಮೇಲಿದೆ. ಹತ್ತನೆಯ ಕನಸಿನಿಂದ ಕೊನೆಯವರೆಗೆ ನೀವೇ ಗಟ್ಟಿಯಾಗಿ ಓದಬೇಕು, ನಾನು ಎದುರು ಕೂತು ಕೇಳುತ್ತೇನೆ. ಕೇಳಿದ ಮೇಲೂ ಒಂದೇ ಮನೆಯಲ್ಲಿರಲು ಇಬ್ಬರಿಗೂ ಆಗುವುದಾದರೆ ಇರೋಣ. ಆಗದಿದ್ದರೆ ಸಂಜೆಗೂ ಬಸ್ಸಿದೆ. ಕೈಗವಸಿನ ಹತ್ತಿ ಕಿತ್ತು ಎಸೆದಿದ್ದೇನೆ. ಬರಿಗೈಯಲ್ಲಿ ಬನ್ನಿ.

ನೀವು ಇಟ್ಟ ಹೆಸರಿನವಳೇ,
ಸೂಜಿ

ಮರೆತು ಉಳಿದದ್ದಲ್ಲ, ಬರೆಯಲು ಧೈರ್ಯವಾಗದೆ ಕೊನೆಗೆ ತಳ್ಳಿದ್ದು: ಅಂದು ಗ್ಯಾಸ್ ಮುಗಿದಿರಲಿಲ್ಲ. ಬೆಳಿಗ್ಗೆ ನಮಗೆ ಜಗಳವಾಗಿತ್ತಲ್ಲ, ಕೊನೆಯ ಮಾತು ನೀವು ಆಡಿ ಬಾಗಿಲು ಹಾಕಿಕೊಂಡು ಹೋಗಿದ್ದಿರಿ. ಹತ್ತೂವರೆಗೆ ನನಗೆ ತಕ್ಕ ಉತ್ತರ ಹೊಳೆಯಿತು. ಆ ಹೊತ್ತಿಗೆ ನೀವು ಗರಗಸದ ಮುಂದೆ ಇರುತ್ತೀರೆಂದು ಗೊತ್ತಿತ್ತು. ಗೊತ್ತಿದ್ದೂ ತಡೆಯಲಾಗದೆ ಫೋನ್ ಮಾಡಿದೆ. ನಿಮ್ಮ ಕನಸಿನವಳು ಮೂವತ್ತೆರಡು ಸಲ ಮಂಡಿಯೂರಿದಳು, ಇದನ್ನು ಮಾತ್ರ ಒಮ್ಮೆಯೂ ಹೇಳಲಿಲ್ಲ. ನೋಟ್‌ಬುಕ್ ಪೂರ್ತಿ ಹುಡುಕಿದೆ. ನಿಮಗೆ ಗೊತ್ತಿಲ್ಲದ್ದು ಅವಳಿಗೆ ಎಲ್ಲಿಂದ ಗೊತ್ತಾಗಬೇಕು? ಈಗ ಬೆರಳೆಣಿಸಿ ನೋಡಿ, ನಾಲ್ಕೇ ಇವೆ. ಹೇಳಿದವಳು ನಾನು.