ಎಡೆಗಿಟ್ಟ ಸಾಲ್ಮನ್

ಸಕಲ ಜಲಗಳಿಗೂ ಒಡೆಯನಾದ ವರುಣದೇವನಿಗೆ ನಮಿಸಿ, ಜ್ಯೇಷ್ಠ ಬಹುಳ ದ್ವಾದಶಿಯಂದು, ಕಡಲಾಚೆ ಮಗಳಿರುವ ವಾಟರ್‌ಫರ್ಡಿನಲ್ಲಿ ಬರೆದುದು.

ಪೂಜ್ಯ ಶೀನಣ್ಣನಿಗೆ,

ಇಂದು ನೀನು ಗತಿಸಿದ ತಿಥಿ. ನಮ್ಮ ಮೊಗವೀರರ ಮನೆಗಳಲ್ಲಿ ಹಿರಿಯರ ಎಡೆಗೆ ಮೀನು ಬಡಿಸಲೇಬೇಕಷ್ಟೆ. ದೀಕ್ಷೆ ಪಡೆದಂದಿನಿಂದ ಮೀನು ಮುಟ್ಟದ ನಾನು ಬೆಳಿಗ್ಗೆ ನದೀತೀರಕ್ಕೆ ಹೋದೆ. ಅಲ್ಲಿಯ ಡೆಕ್ಲನ್‌ನ ಮನೆತನದವರು ತಲೆತಲಾಂತರದಿಂದ ಜೋಡಿ ದೋಣಿಗಳ ನಡುವೆ ಬಲೆ ಹಿಡಿದು ಸಾಲ್ಮನ್ ಹಿಡಿಯುವವರು. ಈಗ ಅದಕ್ಕೆ ಪರವಾನಗಿ ಬೇಕು. ಪ್ರತಿ ಮೀನಿನ ಕಿವಿರಿನಲ್ಲೂ ಸರಕಾರದ ಬಿಲ್ಲೆ ಪೋಣಿಸಿರಬೇಕು.

ಹಾಗೆ ಚುಚ್ಚಿ ಊನಗೊಂಡ ಮೀನು ಎಡೆಗೆ ಸಲ್ಲದೆಂದು, ಬಿಲ್ಲೆಯಿಲ್ಲದ್ದನ್ನು ಅವನಲ್ಲಿ ಕೇಳಿದೆ.

"ನನ್ನ ಲೈಸೆನ್ಸ್ ಹೋಗುತ್ತೆ, ಸ್ವಾಮಿ! ಯಾರಿಗೆ ಈ ಮೀನು?"

"ತೀರಿಹೋದ ಅಣ್ಣನಿಗೆ. ಅವನೂ ಬಲೆ ಬೀಸುತ್ತಿದ್ದ."

"ಹಾಗಾದ್ರೆ ಬಿಲ್ಲೆ ಇರಲಿ. ಕದ್ದ ಮೀನಲ್ಲ ಅಂತ ಅವನಿಗೂ ಗೊತ್ತಾಗಲಿ. ಎಲ್ಲ ಗ್ರ್ಯಾಂಡ್!" ಎಂದ. ಎಲ್ಲ ಸರಿಯಾಗಿದೆ ಎನ್ನಲು ಇಲ್ಲಿಯವರು ಆಡುವ ಮಾತು ಅದು.

ಮಗಳು ಆಸ್ಪತ್ರೆಯ ಪಾಳಿಗೆ ಹೋಗಿದ್ದಳು. ನಾನೇ ಬೇಯಿಸಿ ಬಡಿಸಿ, ಬಿಲ್ಲೆಯನ್ನು ಎಲೆಯ ಪಕ್ಕದಲ್ಲಿಟ್ಟು, ನೀನು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ ಹೊರಗೆ ಕುಳಿತೆ. ಆಮೇಲೆ ಎಡೆಯನ್ನು ಬಂಧುಗಳು ಹಂಚಿಕೊಂಡು ಉಣ್ಣಬೇಕು. ಇಲ್ಲಿ ಇದ್ದವನು ನಾನೊಬ್ಬನೇ.

"ಹ್ವಾಯ್ ಪಂಡಿತ್ರೇ, ಮೀನ್ ಕಚ್ಚುದಿಲ್ಲೆ, ಬನಿ ಉಂಬ್ಕೆ!" ಎಂದು ನಾನು ಮನೆಗೆ ಬಂದಾಗಲೆಲ್ಲ ನೀನು ಕರೆಯುತ್ತಿದ್ದೆ. ನಾನು ಜಗುಲಿಯಲ್ಲೇ ಕುಳಿತು, ಅತ್ತಿಗೆ ಕೊಟ್ಟ ಬಾಳೆಹಣ್ಣು ತಿಂದು ಹಿಂದಿರುಗುತ್ತಿದ್ದೆ.

ಇಂದು ಉಂಡೆ, ಅಣ್ಣ. ಮುಳ್ಳು ಬಿಡಿಸುವುದು ಮರೆತುಹೋಗಿ ಬಹಳ ಹೊತ್ತು ಹಿಡಿಯಿತು.

ನಿನಗೆ ಸದ್ಗತಿಯಾಗಲಿ. ಡೆಕ್ಲನ್‌ನ ಬಲೆ ಬರಿದಾಗದಿರಲಿ. ಅವನ ಬಲೆಗೆ ಸಿಗದ ಮೀನುಗಳೆಲ್ಲ ಹೊಳೆ ಹತ್ತಿ ತಾವು ಹುಟ್ಟಿದ ತವರು ಸೇರಲಿ.