ಕೌಸಲ್ಯಕ್ಕನ ಮಂಡಿ

ಅಣ್ಣಾ ನಗರ್, ಚೆನ್ನೈ
೧೪ ಆಗಸ್ಟ್ ೨೦೦೪

ಪ್ರೀತಿಯ ಕೌಸಲ್ಯಕ್ಕ,

ನನ್ನ ಅಕ್ಷರ ನೋಡಿ ಆಶ್ಚರ್ಯವಾಯಿತೇ? ಹದಿನೈದು ವರ್ಷಗಳಲ್ಲಿ ನಿನಗೆ ನಾನು ಕಳಿಸಿದ್ದು ಬರೀ ದೀಪಾವಳಿ ಕಾರ್ಡುಗಳು.

ಪೇಪರಿನಲ್ಲಿ ಬಂದ ನನ್ನ ಫೋಟೊವನ್ನು ಮೈಸೂರಿನಲ್ಲಿ ನೀನೂ ನೋಡಿರಬೇಕು. ವಾಲಿಬಾಲ್ ಬಿಟ್ಟ ಮೇಲೆ ತಾಂಬರಂನ ಈ ಗಾರ್ಮೆಂಟ್ಸ್ ಕಂಪನಿಗೆ ಗುಮಾಸ್ತೆಯಾಗಿ ಸೇರಿದವಳು ಈಗ ಅದರ ಎಂ.ಡಿ. ಆಟ ನಿಮಗೆ ಏನು ಕಲಿಸಿತು ಎಂದು ವರದಿಗಾರ ಕೇಳಿದ. ಒಗ್ಗಟ್ಟು ಎಂದೆ. ಎಲ್ಲರೂ ಹೇಳುವ ಮಾತು.

ನನಗೆ ನೆನಪಾದದ್ದು ಬೇರೆ. ಇಲ್ಲಿನ ತಂಡದಲ್ಲಿ ಸಂಬಳಕ್ಕೆ ಆಡುತ್ತಿದ್ದ ಆ ದಿನಗಳಲ್ಲಿ, ಮುಂಜಾನೆಯ ಎಲೆಕ್ಟ್ರಿಕ್ ಟ್ರೈನಿನಲ್ಲಿ ನಾವಿಬ್ಬರೂ ಒಬ್ಬರ ಹೆಗಲಿಗೊಬ್ಬರು ಒರಗಿ ನಿದ್ದೆ ಮಾಡುತ್ತಿದ್ದದ್ದು. ಕುಂದಾಪುರದಿಂದ ಬಂದ ನಾನು ತಮಿಳು ಬಾರದೆ ಅತ್ತಾಗ ನೀನು ಒಂದೊಂದೇ ಮಾತು ಕಲಿಸಿದ್ದು. ಅಭ್ಯಾಸ ಮುಗಿಸಿ ಹೋಟೆಲಿಗೆ ಹೋದರೆ ನಮ್ಮೂರ ಕಡೆಯ ಭಟ್ಟರು ಇಡ್ಲಿ ಮುಳುಗುವಷ್ಟು ಸಾಂಬಾರು ಸುರಿದು, "ಹೊಟ್ಟಿ ತುಂಬ ತಿನ್ನಿ ಮಕ್ಳೇ" ಎನ್ನುತ್ತಿದ್ದದ್ದು.

ಆಮೇಲೆ ಆ ಫೈನಲ್. ಊದಿದ ನಿನ್ನ ಮಂಡಿಗೆ ಪಟ್ಟಿ ಸುತ್ತಿದವಳು ನಾನು. "ಯಾರ್ಗೂ ಹೇಳ್ಬೇಡ ಕಣೇ" ಎಂದೆ ನೀನು. ನಾನು ಹೇಳಲಿಲ್ಲ. ಕೊನೆಯ ಸೆಟ್ಟಿನಲ್ಲಿ ಹಾರಿ ಇಳಿದ ನೀನು ಅಲ್ಲೇ ಕುಸಿದೆ. ಕಪ್ ನಮಗೇ ಬಂತು. ನೀನು ಮಾತ್ರ ಮತ್ತೆಂದೂ ಆಡಲಿಲ್ಲ.

ಕಳೆದ ವಾರ ಹೊರದೇಶದ ಒಂದು ದೊಡ್ಡ ಆರ್ಡರ್ ಇತ್ತು. ನಾನೇ ನಿಂತು, ಗದರಿಸಿ ಕೆಲಸ ಮಾಡಿಸುತ್ತಿದ್ದೆ. ವಿಮಲಾ ಎಂಬ ಟೈಲರ್ ಹೊಲಿಗೆ ಮಿಷನ್ನಿನ ಮೇಲೇ ಎಚ್ಚರ ತಪ್ಪಿ ಬಿದ್ದಳು. ಎರಡು ದಿನದಿಂದ ಜ್ವರವಂತೆ. ಎಚ್ಚರವಾದ ಮೇಲೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ನೀಂಗ ಕೋಪಪ್ಪಡುವೀಂಗನ್ನು ಭಯಂ ಮೇಡಂ" ಎಂದಳು. ನನ್ನ ಕೋಪಕ್ಕೆ ಹೆದರಿ ಜ್ವರ ಮುಚ್ಚಿಟ್ಟಿದ್ದಳು, ಅಕ್ಕ!

ಮಿಷನ್ನುಗಳನ್ನು ನಿಲ್ಲಿಸಿದೆ. ಅವಳನ್ನು ಆಸ್ಪತ್ರೆಗೆ, ಉಳಿದವರನ್ನು ಮನೆಗೆ ಕಳಿಸಿದೆ. ಸರಕು ನಾಲ್ಕು ದಿನ ತಡವಾಗುತ್ತದೆ ಎಂದು ನಾನೇ ಫೋನ್ ಮಾಡಿ ತಿಳಿಸಿದೆ. ಆರ್ಡರ್ ಕೈತಪ್ಪಿತು. ನಿನ್ನೆ ಮಾಲೀಕರಾದ ಕೃಷ್ಣರಾಜರು ಕರೆಸಿ, ಇನ್ನೊಮ್ಮೆ ಹೀಗಾದರೆ ಕುರ್ಚಿ ಬಿಡಬೇಕಾಗುತ್ತದೆ ಎಂದರು. ಆಗಲಿ ಎಂದೆ.

ಇವತ್ತು ಬೆಳಿಗ್ಗೆ ಇಬ್ಬರು ಹೆಂಗಸರು ನನ್ನ ಕೋಣೆಗೆ ಬಂದು, ಮೈ ಹುಷಾರಿಲ್ಲ, ಮನೆಗೆ ಹೋಗಬಹುದೇ ಎಂದು ಕೇಳಿದರು. ಅವರು ಕೇಳಿದರಲ್ಲ, ಅಷ್ಟಕ್ಕೇ ನನ್ನ ಕಣ್ಣು ತುಂಬಿತು.

ನಿನ್ನ ತಂಗಿಯಂಥವಳು,
ಜಲಜಾ

ತಾ.ಕ.: ನಮ್ಮ ಕೋಚ್ ಕಾಂತಪ್ಪ ಸರ್ ಒಂದು ಮಾತೂ ವಿಚಾರಿಸದೆ ಅವತ್ತು ನಿನ್ನನ್ನು ಆಡಿಸಿದರು ಎಂದು ನೀನು ಇವತ್ತಿಗೂ ಅವರೊಡನೆ ಮಾತು ಬಿಟ್ಟಿದ್ದೀಯ. ಅವರು ವಿಚಾರಿಸಿದ್ದರು. ಕೌಸಲ್ಯ ಕುಂಟುತ್ತಿದ್ದಾಳಲ್ಲ, ಹೊರಗೆ ಕೂರಿಸಲೇ ಎಂದು ನನ್ನನ್ನು ಕೇಳಿದ್ದರು. ನೀನಿಲ್ಲದೆ ಕಪ್ ಬರುವುದಿಲ್ಲ ಎಂದು ಗೊತ್ತಿದ್ದದ್ದರಿಂದಲೇ, ಏನೂ ಆಗಿಲ್ಲ ಸರ್ ಎಂದವಳು ನಾನು. ಅವರು ಇಲ್ಲೇ ಪಲ್ಲಾವರಂನಲ್ಲಿದ್ದಾರೆ. ನಾಳೆ ಭಾನುವಾರ, ಹೋಗಿ ಅವರ ಎದುರು ನಿಲ್ಲುತ್ತೇನೆ. ನಿನ್ನ ಎದುರು ನಿಲ್ಲಲು ಬರಲೇ?