ಪಾಸ್‌ಪೋರ್ಟ್ ನಿನ್ನ ಬಳಿಯೇ ಇರಲಿ

ಅಮ್ಮನಿಗೆ,

ನೀನು ಸ್ನಾನಕ್ಕೆ ಹೋಗಿರುವಾಗ ಇದನ್ನು ಬರೆಯುತ್ತಿದ್ದೇನೆ. ಎದುರಿಗೆ ಹೇಳಲು ಹೊರಟರೆ ಮತ್ತೆ ವಾದಕ್ಕೆ ಇಳಿದುಬಿಡುತ್ತೇನೆ.

ನಿನ್ನ ಪಾಸ್‌ಪೋರ್ಟ್ ಮೇಜಿನ ಮೇಲಿದೆ. ಪರದೇಶದಲ್ಲಿ ಇಬ್ಬರದೂ ನನ್ನ ಬ್ಯಾಗಿನಲ್ಲೇ ಇದ್ದರೆ ಕ್ಷೇಮ ಅಂದುಕೊಂಡಿದ್ದೆ. ನಿನ್ನೆ ನಾನು ಹತ್ತಿದ ಕೂಡಲೇ ರೈಲಿನ ಬಾಗಿಲು ಮುಚ್ಚಿಕೊಂಡು ನೀನು ಪ್ಲಾಟ್‌ಫಾರ್ಮಿನಲ್ಲೇ ಉಳಿದೆ. ನಾನು ವಾಪಸ್ ಬಂದು ಪಾಸ್‌ಪೋರ್ಟ್ ತೋರಿಸುವವರೆಗೆ ಪೊಲೀಸರು ನಿನ್ನನ್ನು ಒಂದು ಗಂಟೆ ಕೂರಿಸಿಕೊಂಡಿದ್ದರು. ಆಗಲೂ ನಾನು ಮೊದಲು ಕೇಳಿದ್ದು, "ಬೇಗ ಹತ್ತೋಕೆ ಏನಾಗಿತ್ತು?" ಅಂತ.

"ನಾನೇನು ನಿನ್ನ ಸೂಟ್‌ಕೇಸಾ, ಚೀಟಿ ಅಂಟಿಸಿ ಎಳ್ಕೊಂಡು ತಿರುಗೋಕೆ? ನನ್ನನ್ನ ಮನೆಗೆ ಕಳಿಸಿಬಿಡು" ಅಂದೆ ನೀನು.

ಮೂವತ್ತು ವರ್ಷ ಆಸ್ಪತ್ರೆಯ ಔಷಧದ ಬೀರುವಿನ ಕೀಲಿಯನ್ನು ಒಮ್ಮೆಯೂ ಕಳೆಯದವಳು ನೀನು. ನಾನು ಹೆದರಿದ್ದು ಪಾಸ್‌ಪೋರ್ಟ್ ಕಳೆದುಹೋದೀತು ಎಂದೋ, ನನ್ನನ್ನು ಕೇಳದೆ ನೀನು ಎಲ್ಲಾದರೂ ಹೊರಟುಬಿಡುತ್ತೀಯ ಎಂದೋ, ಈಗ ನನಗೇ ಖಾತ್ರಿಯಿಲ್ಲ.

ಅದನ್ನು ಕೊರಳಿಗೆ ಹಾಕಿಕೊಳ್ಳುವ ಚೀಲದಲ್ಲಿ, ಬಟ್ಟೆಯೊಳಗೆ ಇಟ್ಟುಕೋ. ಅದರ ಜೆರಾಕ್ಸ್ ಪ್ರತಿ ನಿನ್ನ ಸೂಟ್‌ಕೇಸಿನಲ್ಲಿ ಬೇರೆಯಾಗಿ ಇದೆ. ಹೋಟೆಲಿನ ವಿಳಾಸದ ಕಾರ್ಡು ಪರ್ಸಿನಲ್ಲಿರಲಿ.

ಪ್ರವಾಸ ಮುಗಿಯಲು ಇನ್ನೂ ನಾಲ್ಕು ದಿನ ಇದೆ. ನಾನು ಕೆಳಗೆ, ತಿಂಡಿ ಕೊಡುವಲ್ಲಿ ಕೂತಿರುತ್ತೇನೆ. ಮನೆಗೇ ಹೋಗಬೇಕೆನಿಸಿದರೆ ಹೇಳು, ಇಬ್ಬರ ಟಿಕೆಟನ್ನೂ ಬದಲಿಸುತ್ತೇನೆ, ಮುಖ ಊದಿಸಿಕೊಳ್ಳುವುದಿಲ್ಲ. ಊರು ನೋಡುವ ಮನಸ್ಸಿದ್ದರೆ ನೀನು ಹೇಳಿದ ಕಡೆ ಬರುತ್ತೇನೆ. ಒಬ್ಬಳೇ ಹೋಗಬೇಕೆನಿಸಿದರೂ ಹೋಗು. ತಿಂಡಿ ಮಾತ್ರ ತಿಂದು ಹೋಗು.

ನಿನ್ನ ಹಟಮಾರಿ ಮಗಳು